ಹನ್ನೆರಡು ವರ್ಷ ತೊಗರಿ ಬೆಳೆದ ಎರೆ ಹೊಲ: ಇಳುವರಿ ಎಲ್ಲಿ ಸೋರುತ್ತಿದೆ?

ಪ್ರಶ್ನೆ: "ಸರ್, ನಮ್ಮದು ಚಿತ್ತಾಪುರ ತಾಲ್ಲೂಕಿನಾಗ 6 ಎಕರೆ ಎರಿ ಹೊಲ ಅದ. 12 ವರ್ಷದಿಂದ ಬರೇ ತೊಗರಿನೇ ಹಾಕ್ಲತ್ತೀವಿ. ಮೊದಲ ಎಕರೆಕ್ಕ 6 ಕ್ವಿಂಟಲ್ ಬರ್ತಿತ್ತು, ಈಗ ಎರಡೂವರಿ, ಭಾಳ ಅಂದ್ರ 3. ಡಿಎಪಿ ಎಕರೆಕ್ಕ 1 ಚೀಲ ಹಾಕ್ತಿದ್ದೆವು, ಈಗ ಒಂದೂವರಿ ಹಾಕಿದ್ರೂ ಏನೂ ಫರಕ್ ಇಲ್ಲ. ಕೆಳಗಿನ ಬದುವಿನ ಹತ್ರ ಮಳಿಗಾಲದಾಗ ನೀರು ನಿಲ್ತದ. ಹೂ ಬರೋ ಹೊತ್ತಿಗಿ ಅಲ್ಲಲ್ಲಿ ಗಿಡ ನಿಂತಲ್ಲೇ ಒಣಗ್ತಾವ. ಒಬ್ಬರು ಗೊಬ್ಬರದ ಕಾವಿಗಿ ಭೂಮಿ ಸತ್ತದ, ಜೀವಾಮೃತ ಹಾಕು ಅಂತಾರ. ಅಂಗಡಿಯವರು ಹ್ಯೂಮಿಕ್ ಬಿಟ್ರ ನೆಲ ಬುರುಬುರು ಆಗ್ತದ ಅಂತಾರ. ಮತ್ತೊಬ್ಬರು ಜಿಪ್ಸಮ್ ಅಂತಾರ, ಇನ್ನೊಬ್ಬರು ಎಕರೆಕ್ಕ 20 ಟ್ರ್ಯಾಕ್ಟರ್ ಕೆರಿ ಹೂಳು ಅಂತಾರ. ತೊಗರಿ ಬಿಡಕ್ಕಾಗಲ್ಲ, ಮನಿ ನಡೆಯೋದೇ ಅದರ ಮ್ಯಾಲೆ. ಮೊದಲ ಏನು ಮಾಡಬೇಕು? ಬಾಜುಕ ನಮ್ಮ ಅಣ್ಣನದು 2 ಎಕರೆ ಮಡ್ಡಿ ಹೊಲ ಅದ, ಅದಕ್ಕೂ ಇದೇ ನಡೀತದೇನು?"

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ಒಂದೇ ಇದ್ದರೂ ಕಾಯಿಲೆಗಳು ಮೂರು ಇವೆ. ಕೆಳಗಿನ ತುದಿಯಲ್ಲಿ ನೀರು ನಿಲ್ಲುವುದು ಒಂದು. ಹೂವಿನ ಹೊತ್ತಿಗೆ ಗಿಡ ಒಣಗುವುದು ಇನ್ನೊಂದು. ಗೊಬ್ಬರ ಹೆಚ್ಚಿಸಿದರೂ ಇಳುವರಿ ಏರದಿರುವುದು ಮೂರನೆಯದು. ನಿಮಗೆ ಸಲಹೆ ಕೊಟ್ಟವರೆಲ್ಲ ಮೂರನೆಯದಕ್ಕೆ ಮದ್ದು ಹೇಳಿದ್ದಾರೆ. ಮೊದಲ ಎರಡನ್ನು ಹಾಗೇ ಬಿಟ್ಟು ಮೂರನೆಯದಕ್ಕೆ ಎಷ್ಟು ಹಣ ಸುರಿದರೂ ತೂತು ಕೊಡಕ್ಕೆ ನೀರು ತುಂಬಿದಂತೆ. ಹಾಗಾಗಿ ನಾನು ನೀರಿನಿಂದಲೇ ಶುರು ಮಾಡುತ್ತೇನೆ.

ಎರೆ, ಅಂದರೆ ಕಪ್ಪು ನೆಲದ ಜಿಗುಟು ಮಣ್ಣು ಒಣಗಿದರೆ ಕುಗ್ಗುತ್ತದೆ, ನೆನೆದರೆ ಉಬ್ಬುತ್ತದೆ. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಅಗಲದ ಬಿರುಕು ಬಿಟ್ಟ ಅದೇ ಹೊಲ ಮೃಗಶಿರಾದ ಮೊದಲೆರಡು ದೊಡ್ಡ ಮಳೆಯನ್ನು ಆ ಬಿರುಕುಗಳಿಂದಲೇ ಗಟಗಟ ಕುಡಿಯುತ್ತದೆ. ಆಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಗಂಟೆಗೆ ಒಂದೆರಡು ಮಿಲಿಮೀಟರ್ ನೀರು ಇಳಿಯುವುದೂ ಕಷ್ಟ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಒಂದೇ ರಾತ್ರಿ 60 ಮಿ.ಮೀ. ಮಳೆ ಸುರಿಯಿತು ಎನ್ನಿ. 1 ಎಕರೆಯ ಮೇಲೆ 1 ಮಿ.ಮೀ. ಮಳೆ ಎಂದರೆ ಸುಮಾರು 4,000 ಲೀಟರ್ ನೀರು, 60 ಮಿ.ಮೀ.ಗೆ 2 ಲಕ್ಷ 40 ಸಾವಿರ ಲೀಟರ್. ನೆಲ ಕುಡಿಯದ ಆ ನೀರು ನಿಮ್ಮ ಹೊಲದಲ್ಲಿ ಕೆಳಗಿನ ಬದುವಿಗೆ ಬಂದು ನಿಲ್ಲುತ್ತದೆ.

ತೊಗರಿ ಬರ ತಡೆಯುತ್ತದೆ, ಬೇರು ಮುಳುಗಿದರೆ ತಡೆಯುವುದಿಲ್ಲ. ಬೇರಿನ ಗಂಟುಗಳಲ್ಲಿ ಕೂತು ಗಿಡಕ್ಕೆ ಸಾರಜನಕ ಒದಗಿಸುವ ರೈಜೋಬಿಯಂ ಸೂಕ್ಷ್ಮಜೀವಿಗೂ ಗಾಳಿ ಬೇಕು. ಎರಡು ಮೂರು ದಿನ ನೀರು ನಿಂತರೆ ಗಂಟುಗಳು ಸಾಯತೊಡಗುತ್ತವೆ, ಎಲೆ ಹಳದಿಯಾಗುತ್ತದೆ, ಆಳಕ್ಕೆ ಇಳಿಯಬೇಕಿದ್ದ ಬೇರು ಮೇಲಿನ ಅರ್ಧ ಅಡಿಯಲ್ಲೇ ಉಳಿಯುತ್ತದೆ. ನವೆಂಬರ್‌ನಲ್ಲಿ ಮೇಲ್ಮಣ್ಣು ಒಣಗಿದಾಗ ಆ ಗಿಡಕ್ಕೆ ಕೆಳಗಿನ ಹಸಿ ಸಿಗುವುದಿಲ್ಲ. ಒಂದೂವರೆ ಮೀಟರ್ ಆಳದ ಎರೆ ನೆಲ ಗಿಡ ಬಳಸಬಲ್ಲ ನೀರನ್ನು ಸುಮಾರು 200 ಮಿ.ಮೀ. ಹಿಡಿದಿಟ್ಟುಕೊಳ್ಳುತ್ತದೆ. ಅಷ್ಟು ನೀರು ಕೆಳಗಿದ್ದೂ ಗಿಡ ಬಾಯಾರಿ ಒಣಗುತ್ತದೆ. ಸೆಪ್ಟೆಂಬರ್‌ನ ಜವುಳು ಮತ್ತು ಎಳ್ಳಮಾವಾಸ್ಯೆಯ ಹೊತ್ತಿನ ಒಣಗು ಒಂದೇ ಕಾಯಿಲೆಯ ಎರಡು ತುದಿಗಳು ಎಂದು ಹೇಳಿದರೆ ಬಹಳ ರೈತರು ನಂಬುವುದಿಲ್ಲ. ಹೊಲದಲ್ಲಿ ಒಂದು ಗಿಡ ಅಗೆದು ಬೇರು ತೋರಿಸಿದ ಮೇಲೆ ನಂಬುತ್ತಾರೆ.

ಚಿತ್ತಾಪುರ, ಸೇಡಂ ಭಾಗದಲ್ಲಿ ಇನ್ನೊಂದು ತೊಡಕೂ ಇದೆ. ಅಲ್ಲಿ ಎರೆ ಮಣ್ಣಿನ ಕೆಳಗೆ ಹಲವೆಡೆ ಫರ್ಸಿ, ಅಂದರೆ ಶಹಾಬಾದ್ ಕಲ್ಲಿನ ಹಾಸು ಇರುತ್ತದೆ. ಮೇಲಿನಿಂದ ನೋಡಿದರೆ ಹೊಲವೆಲ್ಲ ಒಂದೇ ಕಪ್ಪು. ಒಳಗೆ ಒಂದು ಕಡೆ 5 ಅಡಿ ಮಣ್ಣು, ಇನ್ನೊಂದು ಕಡೆ ಒಂದೂವರೆ ಅಡಿಗೇ ಕಲ್ಲು. ಬೇಸಿಗೆಯಲ್ಲಿ ಮೇಲಿನ ತುದಿ, ನಡು, ಕೆಳಗಿನ ತುದಿ ಮೂರು ಕಡೆ 4 ಅಡಿ ಆಳದ ಗುಂಡಿ ತೋಡಿಸಿ. ಗಿಡ ಒಣಗುವ ಜಾಗದಲ್ಲಿ ನಾಲ್ಕನೆಯದು. ಒಂದು ದಿನದ ಕೂಲಿಯಲ್ಲಿ ಮುಗಿಯುವ ಈ ಕೆಲಸ ಹತ್ತು ಜನರ ಸಲಹೆಗಿಂತ ಹೆಚ್ಚು ಹೇಳುತ್ತದೆ. ಒಣಗುವ ಜಾಗದಲ್ಲೇ ಕಲ್ಲು ಬೇಗ ಸಿಕ್ಕರೆ ಅಲ್ಲಿ ತೊಗರಿ ಹಾಕುವುದೇ ತಪ್ಪು ಲೆಕ್ಕ. ಅಷ್ಟು ಜಾಗಕ್ಕೆ ಹೆಸರು, ಉದ್ದು, ಸಜ್ಜೆಯಂತಹ ಬೇಗ ಮುಗಿಯುವ ಬೆಳೆ ಸಾಕು.

ಈಗ ನೀರಿಗೆ ದಾರಿ ಮಾಡುವ ಕೆಲಸ. ಎರೆ ಹೊಲಕ್ಕೆ ಸಮಪಾತಳಿ ಬದು, ಅಂದರೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಹಾಕುವ ಬದು, ಹೊಂದುವುದಿಲ್ಲ. ಬೇಸಿಗೆಯಲ್ಲಿ ಬದುವೇ ಬಿರುಕು ಬಿಡುತ್ತದೆ, ಮಳೆಗೆ ಒಡೆಯುತ್ತದೆ; ಒಡೆಯದಿದ್ದರೆ ನೀರನ್ನು ಕಟ್ಟಿ ನಿಲ್ಲಿಸುತ್ತದೆ. ಇಲ್ಲಿಗೆ ಬೇಕಿರುವುದು ನೀರನ್ನು ನಿಧಾನವಾಗಿ ನಡೆಸಿಕೊಂಡು ಹೊರಹಾಕುವ ಇಳಿಜಾರಿನ ಬದು, ಅದರ ತುದಿಗೆ ಕಲ್ಲು ಜೋಡಿಸಿದ ಕೋಡಿ, ಕೋಡಿಯಿಂದ ಹಳ್ಳದವರೆಗೆ ಹುಲ್ಲು ಬೆಳೆಸಿದ ಕಾಲುವೆ. ಕರಕಿ ಹುಲ್ಲನ್ನು ರೈತರು ಶತ್ರುವಿನಂತೆ ನೋಡುತ್ತಾರೆ, ಆದರೆ ಈ ಕಾಲುವೆಯಲ್ಲಿ ಅದೇ ನಿಮ್ಮ ಕಾವಲುಗಾರ. ಅಲ್ಲಿ ಅದನ್ನು ಕೀಳಬೇಡಿ. ಕೋಡಿಯ ನೀರು ಕೆಳಗಿನವರ ಹೊಲಕ್ಕೆ ನುಗ್ಗಿದರೆ ಜಗಳ ಖಚಿತ, ಅವರೊಂದಿಗೆ ಮಾತಾಡಿಕೊಂಡೇ ಜಾಗ ಗುರುತಿಸಿ.

ಹೊಲದ ಒಳಗೆ ಬೆಳೆಗೆ ಅಗಲ ಮಡಿ, ನೀರಿಗೆ ಸಾಲು, ಅಂದರೆ ಯಂತ್ರದವರು ಬಿಬಿಎಫ್ ಎನ್ನುವ ಪದ್ಧತಿ. ಹೈದರಾಬಾದ್ ಬಳಿಯ ಪಟಂಚೇರುವಿನ ಇಕ್ರಿಸ್ಯಾಟ್ ಸಂಸ್ಥೆ ಎರೆ ನೆಲಕ್ಕಾಗಿಯೇ ಇದನ್ನು ರೂಪಿಸಿ, 1976ರಿಂದ ದೀರ್ಘಕಾಲ ಹೊಲದಲ್ಲಿ ಇಟ್ಟು ನೋಡಿದೆ. ಹಳೆ ಪದ್ಧತಿಗಿಂತ ಹಲವು ಪಟ್ಟು ಇಳುವರಿ ಬಂತು ಎಂಬ ಮಾತು ನಿಜ. ಆದರೆ ಅಲ್ಲಿ ಮಳೆಗಾಲದಲ್ಲಿ ಬೀಳು ಬಿಟ್ಟ ಹೊಲದೊಂದಿಗೆ ಹೋಲಿಕೆ ಮಾಡಿದ್ದು, ಜೊತೆಗೆ ಗೊಬ್ಬರ, ತಳಿ, ಎರಡು ಬೆಳೆ ಎಲ್ಲವೂ ಬದಲಾಗಿದ್ದವು. ನೀವು ಈಗಾಗಲೇ ಮುಂಗಾರಿನಲ್ಲಿ ಬೆಳೆ ತೆಗೆಯುವವರು, ಬರೀ ಮಡಿ ಮಾಡಿದ್ದಕ್ಕೆ ಅಷ್ಟು ಪಟ್ಟು ನಿರೀಕ್ಷಿಸಬೇಡಿ.

ಅಳತೆ ಹೀಗೆ: ಒಂದು ಸಾಲಿನ ನಡುವಿನಿಂದ ಇನ್ನೊಂದು ಸಾಲಿನ ನಡುವಿಗೆ ಒಂದೂವರೆ ಮೀಟರ್, ಅಂದರೆ 5 ಅಡಿ. ಅದರಲ್ಲಿ ಸುಮಾರು ಒಂದು ಮೀಟರ್ ಮಡಿ, ಉಳಿದದ್ದು ಸಾಲು. ಸಾಲಿನ ಆಳ 15 ಸೆಂ.ಮೀ. ಸಾಲು ಇಳಿಜಾರಿಗೆ ನೇರವಾಗಿ ಓಡಬಾರದು, ಅಡ್ಡಲಾಗಿ ಓಡುತ್ತ ತುಸು ಓರೆಯಾಗಬೇಕು: 100 ಅಡಿ ಉದ್ದಕ್ಕೆ 5ರಿಂದ 7 ಇಂಚು ಇಳಿಕೆ. ಇದನ್ನು ಕಣ್ಣಂದಾಜಿಗೆ ಬಿಡಬೇಡಿ. ಗೌಂಡಿಗಳು ಮಟ್ಟ ನೋಡುವ ಪಾರದರ್ಶಕ ಪೈಪ್ 60 ಅಡಿಯದು ತೆಗೆದುಕೊಳ್ಳಿ, ನೀರು ತುಂಬಿ, ಗಾಳಿಗುಳ್ಳೆ ಹೊರಡಿಸಿ, 50 ಅಡಿಗೊಂದು ಗೂಟ ಹೊಡೆಯುತ್ತ ಹೋಗಿ. ಪ್ರತಿ 50 ಅಡಿಗೆ 3 ಇಂಚು ಕೆಳಗೆ ಬರುವ ಜಾಗವೇ ನಿಮ್ಮ ಸಾಲಿನ ದಾರಿ. ಒಂದು ಗೆರೆ ಸರಿಯಾಗಿ ಗುರುತಿಸಿದರೆ ಟ್ರ್ಯಾಕ್ಟರ್ ಉಳಿದ ಸಾಲುಗಳನ್ನು ಅದಕ್ಕೆ ಸಮಾನಾಂತರವಾಗಿ ಹೊಡೆಯುತ್ತದೆ.

ಎಲ್ಲಿ ಕೆಡುತ್ತದೆ ಎಂದು ಹೇಳದಿದ್ದರೆ ಅಳತೆ ಹೇಳಿ ಪ್ರಯೋಜನವಿಲ್ಲ. ಹೆಚ್ಚಿನವರು ಬಿಬಿಎಫ್ ಮಾಡಿ ಸಾಲಿನ ತುದಿಯನ್ನು ಹಳೆ ಬದುವಿಗೇ ಮುಟ್ಟಿಸಿ ಬಿಡುತ್ತಾರೆ. ಆಗ ಮೊದಲು ಹರಡಿ ನಿಲ್ಲುತ್ತಿದ್ದ ನೀರು ಈಗ ಇನ್ನೂ ಬೇಗ ಬಂದು ಒಂದೇ ಕಡೆ ನಿಲ್ಲುತ್ತದೆ, ಹೊಲ ಮೊದಲಿಗಿಂತ ಕೆಡುತ್ತದೆ. ಹೊರದಾರಿ ಮೊದಲು, ಮಡಿ ಆಮೇಲೆ. ಎರಡನೆಯ ತಪ್ಪು ಹಸಿ ಮಣ್ಣಿನಲ್ಲಿ ಮಡಿ ಎಳೆಯುವುದು. ಒದ್ದೆ ಎರೆ ಟೈರಿನಡಿ ಇಟ್ಟಿಗೆಯಾಗುತ್ತದೆ. ಬೇಸಿಗೆ ಮಳೆ ಬಿದ್ದು ಹೆಂಟೆ ಒಡೆದು ಮೇಲ್ಮಣ್ಣು ಪುಡಿಯಾದಾಗ, ಮೇ ತಿಂಗಳಲ್ಲೇ ಮಡಿ ಮುಗಿಸಿ. ಮೂರನೆಯದು, ಎಡೆ ಹೊಡೆಯುವಾಗ ಸಾಲಿಗೆ ಮಣ್ಣು ತುಂಬಿ ಅದು ಮುಚ್ಚಿಹೋಗುವುದು. ಕೊನೆಯ ಎಡೆಯ ನಂತರ ಒಮ್ಮೆ ಸಾಲು ಬಿಡಿಸಲೇಬೇಕು.

ಯಂತ್ರ ಸಿಗದಿದ್ದರೆ ಕೈಚೆಲ್ಲಬೇಕಿಲ್ಲ. 30 ದಿನದ ಬೆಳೆಗೆ ಎಡೆ ಹೊಡೆಯುವಾಗ ಎಡೆಕುಂಟೆಯ ತಾಳಿಗೆ ಹಗ್ಗ ಸುತ್ತಿ ಓಡಿಸಿದರೆ ನಡುವೆ ಸಾಲು ಬಿದ್ದು ಮಣ್ಣು ಗಿಡದ ಬುಡಕ್ಕೆ ಏರುತ್ತದೆ. ಪ್ರತಿ ಎರಡು ಸಾಲು ತೊಗರಿಗೊಂದು ಹೀಗೆ ತೆಗೆದರೂ ಗುಣ ಕಾಣುತ್ತದೆ. ಮಳೆ ಕಡಿಮೆಯಾದ ವರ್ಷ ಅದೇ ಸಾಲಿಗೆ ಅಲ್ಲಲ್ಲಿ ಮಣ್ಣಿನ ಗಂಟು ಹಾಕಿದರೆ ನೀರು ನಿಂತು ಇಂಗುತ್ತದೆ. ಜುಲೈಯಲ್ಲಿ ಗಂಟು ಹಾಕಿದವರು ಆಗಸ್ಟ್ ಕೊನೆಗೆ ಬಿಚ್ಚಲು ಮರೆಯಬಾರದು, ನಮ್ಮ ಕಡೆ ದೊಡ್ಡ ಮಳೆ ಸೆಪ್ಟೆಂಬರ್‌ನಲ್ಲೇ ಬರುವುದು.

ನೀರಿನ ವಿಷಯದಲ್ಲೇ ಇನ್ನೊಂದು ಪರೀಕ್ಷೆ. ಮಳೆ ಬಿದ್ದ ಎರಡು ಮೂರು ದಿನಕ್ಕೆ 3 ಅಡಿ ಉದ್ದದ ಕಬ್ಬಿಣದ ಸಲಾಕೆಯನ್ನು ಹೊಲದ ಹತ್ತು ಕಡೆ ಒತ್ತಿ ನೋಡಿ. ಎಲ್ಲ ಕಡೆ 5–6 ಇಂಚಿಗೇ ತಡೆದು, ಆಮೇಲೆ ಸಡಿಲವಾಗಿ ಇಳಿದರೆ ಅದು ರೋಟವೇಟರ್ ಮಾಡಿದ ಗಟ್ಟಿ ಪದರ. ವರ್ಷಕ್ಕೆ ಮೂರು ಬಾರಿ ಒಂದೇ ಆಳಕ್ಕೆ ರೋಟವೇಟರ್ ಹೊಡೆದ ಹೊಲಗಳಲ್ಲಿ ಇದು ಸಾಮಾನ್ಯ. ಅಂಥಲ್ಲಿ ಏಪ್ರಿಲ್‌ನಲ್ಲಿ ಮಣ್ಣು ಪೂರ್ತಿ ಒಣಗಿದಾಗ ಮಣ್ಣು ಮಗುಚದೆ ಆಳಕ್ಕೆ ಸೀಳುವ ಚಿಸೆಲ್ ನೇಗಿಲನ್ನು 4–5 ಅಡಿಗೊಂದರಂತೆ, ಒಂದೂವರೆ ಅಡಿ ಆಳಕ್ಕೆ ಒಮ್ಮೆ ಎಳೆಸಿ. ಹಸಿ ಇದ್ದಾಗ ಎಳೆಸಿದರೆ ಪದರ ಒಡೆಯುವುದಿಲ್ಲ, ಬೆಣ್ಣೆಯಲ್ಲಿ ಚಾಕು ಆಡಿದಂತೆ ಗೆರೆ ಮಾತ್ರ ಉಳಿಯುತ್ತದೆ. ಪದರ ಇಲ್ಲದಿದ್ದರೆ ಈ ಖರ್ಚು ಬೇಡ. ಮಣ್ಣು ಮಗುಚುವ ದೊಡ್ಡ ನೇಗಿಲೂ ಪ್ರತಿ ವರ್ಷ ಬೇಡ, ಮೂರು ವರ್ಷಕ್ಕೊಮ್ಮೆ ಮಾಗಿ ಉಳುಮೆ ಸಾಕು. ಎರೆ ಬೇಸಿಗೆಯಲ್ಲಿ ತಾನೇ ಬಿರಿದು ತನ್ನನ್ನೇ ಅರ್ಧ ಉತ್ತುಕೊಳ್ಳುತ್ತದೆ. ತೆಳು ಮಣ್ಣಿನಲ್ಲಿ ಆಳವಾಗಿ ಮಗುಚಿದರೆ ಕೆಳಗಿನ ಸುಣ್ಣದ ಹರಳು ಮೇಲೆ ಬಂದು, ಮರುವರ್ಷ ಸತು ಮತ್ತು ಕಬ್ಬಿಣದ ಕೊರತೆ ಕಾಣಿಸುತ್ತದೆ.

ಇನ್ನು ಗಿಡ ಒಣಗುವ ಮಾತು. ನಮ್ಮ ಕಡೆ ಒಣಗಿದ್ದಕ್ಕೆಲ್ಲ ನೆಟೆ ರೋಗ ಎಂದೇ ಹೆಸರು. ಆದರೆ ಒಣಗಿಸುವವು ಕನಿಷ್ಠ ಮೂರು ಬೇರೆ ಬೇರೆ ಶಿಲೀಂಧ್ರಗಳು, ಮೂರಕ್ಕೂ ಮದ್ದು ಬೇರೆ. ಒಣಗುತ್ತಿರುವ ಗಿಡ ಕಿತ್ತು ಬುಡದ ಕಾಂಡವನ್ನು ಕುಡಗೋಲಿನಿಂದ ಉದ್ದಕ್ಕೆ ಸೀಳಿ. ತೊಗಟೆಯ ಕೆಳಗೆ ಕಂದು–ಕಪ್ಪು ಗೆರೆಗಳು, ಹೊರಗೆ ಬುಡದಿಂದ ಮೇಲಕ್ಕೆ ಏರಿದ ನೇರಳೆ ಪಟ್ಟಿ ಇದ್ದರೆ ಅದು ನಿಜವಾದ ನೆಟೆ, ಫ್ಯುಸೇರಿಯಂ. ಗೆರೆ ಇಲ್ಲದೆ, ಬೇರಿನ ಸಿಪ್ಪೆ ಕೈಗೆ ಕಿತ್ತುಬಂದು, ಬೇರು ಒಣಕಟ್ಟಿಗೆಯಂತೆ ಪಟಕ್ಕನೆ ಮುರಿದು, ಸಿಪ್ಪೆಯಡಿ ಸಾಸಿವೆಗಿಂತ ಸಣ್ಣ ಕರಿ ಚುಕ್ಕೆ ಕಂಡರೆ ಅದು ಒಣ ಬೇರು ಕೊಳೆ. ಬಿಸಿಲು ಮತ್ತು ಹಸಿ ಕೊರತೆ ಒಟ್ಟಿಗೆ ಬಂದಾಗ, ತೆಳು ಮಣ್ಣಿನಲ್ಲಿ ಹೆಚ್ಚು. ನೆಲದ ಮಟ್ಟಕ್ಕಿಂತ ತುಸು ಮೇಲೆ ಕಾಂಡಕ್ಕೆ ಕಂದು ಗಾಯವಾಗಿ ಅಲ್ಲೇ ಮುರಿದು ಬೀಳುತ್ತಿದ್ದರೆ ಫೈಟಾಫ್ತೊರಾ ಅಂಗಮಾರಿ. ಅದು ಮಳೆಗಾಲದಲ್ಲೇ, ನೀರು ನಿಂತ ಜಾಗದಲ್ಲೇ ಬರುತ್ತದೆ. ಗಿಡ ಹಸಿರಾಗಿ ಪೊದೆಯಾಗಿ ಬೆಳೆದು ಹೂವೇ ಬಿಡದಿದ್ದರೆ ಅದು ಗೊಡ್ಡು ರೋಗ. ಅದನ್ನು ನುಸಿ ಹರಡುತ್ತದೆ, ಮಣ್ಣಿಗೆ ಸಂಬಂಧವಿಲ್ಲ.

ನಿಮ್ಮ ಹೊಲದಲ್ಲಿ ಕೆಳಗಿನ ತುದಿಗೆ ಒಂದು, ಮೇಲಿನ ತೆಳು ಜಾಗದಲ್ಲಿ ಇನ್ನೊಂದು ಇದ್ದರೂ ಆಶ್ಚರ್ಯವಿಲ್ಲ. ನೆಟೆ ತಡೆದುಕೊಳ್ಳುವ ಟಿಎಸ್-3ಆರ್, ಜಿಆರ್‌ಜಿ-811 ತಳಿಗಳು ಇವೆ. ಹಾಕಿ, ಒಳ್ಳೆಯದೇ. ಆದರೆ ಫ್ಯುಸೇರಿಯಂ ತಡೆಯುವ ತಳಿ ಒಣ ಬೇರು ಕೊಳೆಯನ್ನೋ ಅಂಗಮಾರಿಯನ್ನೋ ತಡೆಯುತ್ತದೆ ಎಂದು ಅರ್ಥವಲ್ಲ. "ರೋಗ ನಿರೋಧಕ ಬೀಜ ಹಾಕಿದರೂ ಒಣಗಿತು, ಬೀಜ ನಕಲಿ" ಎಂಬ ಹಲವು ದೂರುಗಳ ಹಿಂದೆ ಇರುವುದು ಈ ಗೊಂದಲವೇ.

ನೆಟೆಯ ಶಿಲೀಂಧ್ರ ಹಳೆ ಬೇರು–ಕೂಳೆಗಳಲ್ಲಿ ಸುಮಾರು 3 ವರ್ಷ ಜೀವ ಹಿಡಿದುಕೊಂಡಿರುತ್ತದೆ. 12 ವರ್ಷ ತೊಗರಿಯ ಮೇಲೆ ತೊಗರಿ ಹಾಕಿದಾಗ ನೀವು ಅದಕ್ಕೆ ಒಂದು ವರ್ಷವೂ ಉಪವಾಸ ಕೆಡವಿಲ್ಲ. ಮನೆ ನಡೆಯುವುದೇ ತೊಗರಿಯ ಮೇಲೆ ಎಂದಿದ್ದೀರಿ, ಅದು ನನಗೂ ಗೊತ್ತಿರುವ ಮಾತೇ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಸುಮ್ಮನಲ್ಲ. ಆದ್ದರಿಂದ ಪೂರ್ತಿ ಬಿಡಿ ಎನ್ನುವುದಿಲ್ಲ. 6 ಎಕರೆಯನ್ನು 2 ಎಕರೆಯ ಮೂರು ತುಂಡು ಮಾಡಿ, ಪ್ರತಿ ವರ್ಷ ಒಂದು ತುಂಡಿಗೆ ತೊಗರಿ ಬೇಡ. ಹೆಚ್ಚು ಗಿಡ ಒಣಗಿದ ತುಂಡಿನಿಂದ ಶುರು ಮಾಡಿ. ಅಲ್ಲಿ ಮುಂಗಾರಿಯಲ್ಲಿ ಹೆಸರು ಅಥವಾ ಸೆಣಬು, ಹಿಂಗಾರಿಯಲ್ಲಿ ಬಿಳಿಜೋಳ. ಕಡಲೆ ಹಾಕಬಹುದೇ ಎಂದು ಕೇಳುತ್ತೀರಿ: ಕಡಲೆಯ ಸಿಡಿ ರೋಗದ ಶಿಲೀಂಧ್ರ ಬೇರೆ, ಅದು ತೊಗರಿಗೆ ಬರುವುದಿಲ್ಲ, ಆದರೆ ಒಣ ಬೇರು ಕೊಳೆ ಎರಡಕ್ಕೂ ಒಂದೇ. ಹಾಗಾಗಿ ಮೊದಲ ಸುತ್ತಿನಲ್ಲಿ ಜೋಳವೇ ಇರಲಿ. ಉಳಿದ 4 ಎಕರೆಯಲ್ಲೂ ಸಾಧ್ಯವಾದಷ್ಟು ತೊಗರಿಯ ನಡುವೆ ಮುಂಗಾರಿ ಜೋಳ ಅಥವಾ ಸಜ್ಜೆ ಸೇರಿಸಿ. ಜೋಳದ ಜೊತೆ ಬೆಳೆದ ತೊಗರಿಯಲ್ಲಿ ನೆಟೆ ಕಡಿಮೆ ಎಂಬುದು ಪ್ರಯೋಗದಲ್ಲೂ ಕಂಡದ್ದು, ಹಳಬರ ಅಕ್ಕಡಿ ಪದ್ಧತಿಯಲ್ಲೂ ಇದ್ದದ್ದು.

ಒಂದೇ ವರ್ಷದ ಬಿಡುವಿನಿಂದ ರೋಗ ತೊಲಗುವುದಿಲ್ಲ, ತಗ್ಗುತ್ತದೆ. ಜೋಳದ ಕಟಾವಿಗೆ ಆಳು ಸಿಗುವುದು ಕಷ್ಟ, ಹಕ್ಕಿ ಕಾಟ, ಧಾರಣೆ ತೊಗರಿಯಷ್ಟಿಲ್ಲ. ಈ ನಷ್ಟವನ್ನು ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ: ಈಗ 6 ಎಕರೆಯಲ್ಲಿ ನಿಮಗೆ 15ರಿಂದ 18 ಕ್ವಿಂಟಲ್ ಬರುತ್ತಿದೆ. 4 ಎಕರೆಯಲ್ಲಿ ಎಕರೆಗೆ ನಾಲ್ಕೂವರೆ ಬಂದರೆ ಅಷ್ಟೇ ತೊಗರಿ, ಜೋಳ ಮತ್ತು ದನಕ್ಕೆ ಕಣಿಕೆ ಮೇಲಿನ ಲಾಭ. ಮೊದಲ ವರ್ಷವೇ ಅದು ಬರಲಿಕ್ಕಿಲ್ಲ. ಅದಕ್ಕೇ ಒಂದು ತುಂಡಿನಿಂದ ಶುರು ಮಾಡಿ ಎಂದದ್ದು.

ರೋಗ ಕಂಡ ಗಿಡದ ಬೇರು, ಕೂಳೆಯನ್ನು ಕಿತ್ತು ಸುಡಿ. ಗೊಬ್ಬರದ ಗುಂಡಿಗೂ ಬೇಡ. ಆರೋಗ್ಯವಾದ ಗಿಡದ ಎಲೆ, ಹೊಟ್ಟು ಮಾತ್ರ ಮಣ್ಣಿಗೆ ಹೋಗಲಿ. ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮಾವನ್ನು ಪಾಕೀಟು ಒಡೆದು ಬಿಸಿಲಿನ ಹೊಲದಲ್ಲಿ ನೇರ ಎರಚಿದರೆ ಅದು ಸಾಯುತ್ತದೆ. 2 ಕೆ.ಜಿ.ಯನ್ನು 100 ಕೆ.ಜಿ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರಕ್ಕೆ ಬೆರೆಸಿ, ನೀರು ಚಿಮುಕಿಸಿ, ನೆರಳಲ್ಲಿ ಗೋಣಿಚೀಲ ಹೊದಿಸಿ 10–15 ದಿನ ಇಡಿ. ಬಿಳಿ–ಹಸಿರು ಬೂಸ್ಟು ಹಬ್ಬಿದ ಮೇಲೆ ಬಿತ್ತುವ ಸಾಲಿಗೆ ಕೊಡಿ. ಇದು 1 ಎಕರೆಗೆ. ಬೀಜಕ್ಕೆ ಕೆ.ಜಿ.ಗೆ 4 ಗ್ರಾಂ. ಆಮೇಲೆ ರೈಜೋಬಿಯಂ ಲೇಪಿಸಿ ನೆರಳಲ್ಲಿ ಆರಿಸಿ, ಅಂದೇ ಬಿತ್ತಿ. ಅದೇ ಬೀಜಕ್ಕೆ ಶಿಲೀಂಧ್ರನಾಶಕ ಕಾರ್ಬೆಂಡಜಿಮ್ ಕೂಡ ಹಚ್ಚಿದರೆ ಟ್ರೈಕೋಡರ್ಮಾಕ್ಕೆ ಕೊಟ್ಟ ದುಡ್ಡು ದಂಡ, ಎರಡರಲ್ಲಿ ಒಂದು ಸಾಕು.

ಈಗ ಗೊಬ್ಬರ. ಡಿಎಪಿ ಒಂದು ಚೀಲದಲ್ಲಿ 9 ಕೆ.ಜಿ. ಸಾರಜನಕ, 23 ಕೆ.ಜಿ. ರಂಜಕ ಇರುತ್ತದೆ. ಮಳೆಯಾಶ್ರಿತ ತೊಗರಿಗೆ ಎಕರೆಗೆ 10 ಮತ್ತು 20 ಕೆ.ಜಿ. ಶಿಫಾರಸು. ಅಂದರೆ ಒಂದು ಚೀಲದಲ್ಲೇ ಲೆಕ್ಕ ಮುಗಿಯಿತು. ನೀವು ಏರಿಸಿದ ಅರ್ಧ ಚೀಲದ ರಂಜಕ ಸುಣ್ಣದ ಅಂಶ ಹೆಚ್ಚಿರುವ ನಿಮ್ಮ ಮಣ್ಣಿನಲ್ಲಿ ಸುಣ್ಣದೊಂದಿಗೆ ಸೇರಿ ಗಟ್ಟಿಯಾಗಿ ಕೂತಿದೆ, ಬೆಳೆಯ ಬಾಯಿಗೆ ಬಿದ್ದಿಲ್ಲ. ಅಷ್ಟೇ ಅಲ್ಲ, ರಂಜಕ ಹೆಚ್ಚಾದಷ್ಟೂ ಗಿಡಕ್ಕೆ ಸತು ಸಿಗುವುದು ಕಡಿಮೆಯಾಗುತ್ತದೆ. "ಗೊಬ್ಬರದ ಕಾವಿಗೆ ಭೂಮಿ ಸತ್ತಿದೆ" ಎಂಬ ಮಾತಿನಲ್ಲಿ ನಿಜ ಇರುವುದು ಇಷ್ಟೇ. ಭೂಮಿ ಸತ್ತಿಲ್ಲ. ಒಂದೇ ಪಲ್ಯವನ್ನು ಹನ್ನೆರಡು ವರ್ಷ ಬಡಿಸಿದ್ದೀರಿ.

ಬಡಿಸದೇ ಉಳಿದದ್ದು ಮುಖ್ಯವಾಗಿ ಗಂಧಕ, ಸತು. ಹಿಂದೆ ಸೂಪರ್ ಫಾಸ್ಫೇಟ್ ಹಾಕುವಾಗ ಅದರಲ್ಲಿ 11 ಶೇಕಡಾ ಗಂಧಕ ತಾನಾಗಿಯೇ ಹೋಗುತ್ತಿತ್ತು. ಡಿಎಪಿ ಬಂದ ಮೇಲೆ ಅದು ನಿಂತಿತು, ಯಾರೂ ಗಮನಿಸಲಿಲ್ಲ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ರಾಜ್ಯದ ಮಳೆಯಾಶ್ರಿತ ಹೊಲಗಳ ಮಣ್ಣು ಪರೀಕ್ಷೆ ಮಾಡಿದಾಗ ಗಂಧಕ, ಸತು, ಬೋರಾನ್ ಕೊರತೆಯೇ ಎದ್ದು ಕಂಡಿತು. ನಿಮಗೆ ನನ್ನ ಲೆಕ್ಕ: ಡಿಎಪಿ ಮತ್ತೆ 1 ಚೀಲಕ್ಕೆ ಇಳಿಸಿ, ಅಥವಾ ಅದರ ಬದಲು ಸೂಪರ್ ಫಾಸ್ಫೇಟ್ 2½ ಚೀಲ ಮತ್ತು ಯೂರಿಯಾ 20 ಕೆ.ಜಿ. ಹಾಕಿ. ಡಿಎಪಿಯನ್ನೇ ಹಾಕುವುದಾದರೆ ಜೊತೆಗೆ ಎಕರೆಗೆ ಜಿಪ್ಸಮ್ 80 ಕೆ.ಜಿ.; ಸೂಪರ್ ಹಾಕಿದರೆ ಜಿಪ್ಸಮ್ ಬೇಡ. ಜಿಂಕ್ ಸಲ್ಫೇಟ್ 10 ಕೆ.ಜಿ., ಇದು ಮೂರು ವರ್ಷಕ್ಕೊಮ್ಮೆ. ಬಿಟ್ಟ ಅರ್ಧ ಚೀಲ ಡಿಎಪಿಯಲ್ಲಿ 6 ಎಕರೆಗೆ 3 ಚೀಲ ಉಳಿಯಿತು. ಚೀಲಕ್ಕೆ 1,350 ರೂಪಾಯಿಯಂತೆ 4,050 ರೂಪಾಯಿ. ಜಿಪ್ಸಮ್, ಜಿಂಕ್ ಖರ್ಚಿನ ದೊಡ್ಡ ಭಾಗಕ್ಕೆ ಅದೇ ಒದಗುತ್ತದೆ.

ಎರಡು ಎಚ್ಚರ. ಜಿಂಕ್ ಸಲ್ಫೇಟನ್ನು ಡಿಎಪಿ ಜೊತೆ ಒಂದೇ ಡಬ್ಬಿಯಲ್ಲಿ ಬೆರೆಸಿ ಕೂರಿಗೆಗೆ ಹಾಕಬೇಡಿ, ಎರಡೂ ಸೇರಿ ಕರಗದ ವಸ್ತುವಾಗುತ್ತದೆ. ಬಿತ್ತನೆಗೆ ಒಂದೆರಡು ವಾರ ಮೊದಲೇ ಜಿಂಕನ್ನು ತಿಪ್ಪೆಗೊಬ್ಬರದಲ್ಲಿ ಬೆರೆಸಿ ಹರಡಿ ಕುಂಟೆ ಹೊಡೆಯಿರಿ. ಡಿಎಪಿಯನ್ನು ಮಾತ್ರ ಕೂರಿಗೆಯಲ್ಲಿ ಬೀಜಕ್ಕಿಂತ ಒಂದೆರಡು ಇಂಚು ಕೆಳಗೆ, ಪಕ್ಕಕ್ಕೆ ಬೀಳುವಂತೆ ಕೊಡಿ. ಎರಚಿದರೆ ಅರ್ಧ ಸುಣ್ಣದ ಪಾಲು. ಇನ್ನೊಂದು, ಬೋರಾನ್. ಅದು ಕೊರತೆಗೂ ವಿಷಕ್ಕೂ ನಡುವೆ ಅಂತರ ಬಹಳ ಕಡಿಮೆ ಇರುವ ಪೋಷಕ. ಪರೀಕ್ಷೆಯಲ್ಲಿ ಅರ್ಧ ಪಿಪಿಎಂಗಿಂತ (ಹತ್ತು ಲಕ್ಷ ಭಾಗ ಮಣ್ಣಿನಲ್ಲಿ ಅರ್ಧ ಭಾಗಕ್ಕಿಂತ) ಕಡಿಮೆ ಬಂದರೆ ಮಾತ್ರ ಹಾಕಿ.

ಜಿಪ್ಸಮ್ ಬಗ್ಗೆ ಗೊಂದಲವಿದೆ. ಗಂಧಕಕ್ಕಾಗಿ ಹಾಕುವುದು ಕೆ.ಜಿ. ಲೆಕ್ಕದಲ್ಲಿ. ಕ್ಷಾರವಾಗಿ ಕೆಟ್ಟ ನೆಲ ಸರಿಪಡಿಸಲು ಹಾಕುವುದು ಟನ್ ಲೆಕ್ಕದಲ್ಲಿ, ಅದೂ ಪ್ರಯೋಗಾಲಯ ಹೇಳಿದಷ್ಟು. ನಿಮ್ಮ ಕೆಳಗಿನ ತುದಿಯಲ್ಲಿ ಬೇಸಿಗೆಗೆ ಬಿಳಿ ಪುಡಿ ಏಳುತ್ತದೆಯೇ ನೋಡಿ. ಎದ್ದರೆ ಅದು ಉಪ್ಪಿನ ಸವಳು, ಜಿಪ್ಸಮ್‌ನಿಂದ ಹೋಗುವುದಿಲ್ಲ. ನೀರಿಗೆ ಹೊರದಾರಿ ಮಾಡಿ ಮಳೆಯಿಂದ ಉಪ್ಪು ತೊಳೆದು ಹೋಗಬೇಕು. ಬಿಳಿ ಪುಡಿ ಇಲ್ಲದೆ, ಮಣ್ಣು ಒದ್ದೆಯಾದಾಗ ರಾಡಿಯಾಗಿ, ಒಣಗಿದರೆ ಕಲ್ಲಾಗಿ, ರಸಸಾರ (ಪಿಎಚ್) ಎಂಟೂವರೆ ದಾಟಿದ್ದರೆ ಆಗ ಜಿಪ್ಸಮ್ ಕೆಲಸ ಮಾಡುತ್ತದೆ, ಆಗಲೂ ನೀರು ಬಸಿಯುವ ದಾರಿ ಇದ್ದರಷ್ಟೇ. ಯಾದಗಿರಿ ಕಡೆ ಶಹಾಪುರ, ಸುರಪುರದ ನಾಲೆಯಡಿಯ ಹೊಲಗಳಲ್ಲಿ ಇದು ದೊಡ್ಡ ತಲೆನೋವು. ಮಳೆಯಾಶ್ರಿತ ಹೊಲದಲ್ಲಿ ಸಾಮಾನ್ಯವಾಗಿ ತಗ್ಗಿಗಷ್ಟೇ ಸೀಮಿತ.

ಇದೆಲ್ಲಕ್ಕೂ ಮೊದಲು ಮಣ್ಣು ಪರೀಕ್ಷೆ. ಕೆಳಗಿನ ತುದಿಯ ಮಣ್ಣು ಬೇರೆ, ಉಳಿದ ಹೊಲದ್ದು ಬೇರೆ. ಎರಡನ್ನೂ ಬೆರೆಸಿದರೆ ಬರುವ ಸರಾಸರಿ ಯಾವ ಜಾಗಕ್ಕೂ ಸಲ್ಲದು. ಬದು, ಮರ, ತಿಪ್ಪೆ ಇದ್ದ ಜಾಗ ಬಿಟ್ಟು 8–10 ಕಡೆ ಇಂಗ್ಲಿಷಿನ ವಿ ಆಕಾರದಲ್ಲಿ 6 ಇಂಚು ಗುಂಡಿ ತೆಗೆದು, ಪಕ್ಕದಿಂದ ಒಂದು ಬೆರಳು ದಪ್ಪ ಮಣ್ಣು ಕೆರೆಯಿರಿ. ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಬಿಟ್ಟು, ಹೀಗೇ ಅರ್ಧ ಕೆ.ಜಿ.ಗೆ ಇಳಿಸಿ. ಗೊಬ್ಬರದ ಖಾಲಿ ಚೀಲದಲ್ಲಿ ತುಂಬಬೇಡಿ. ಕೊಡುವಾಗ ಗಂಧಕ, ಸತು, ಬೋರಾನ್ ಕೂಡ ನೋಡಿ ಎಂದು ಬರೆಸಿ. ಸತು 0.6 ಪಿಪಿಎಂ, ಗಂಧಕ 10 ಪಿಪಿಎಂಗಿಂತ ಮೇಲೆ ಬಂದರೆ ನಾನು ಹೇಳಿದ ಆಯಾ ಗೊಬ್ಬರ ಬಿಟ್ಟುಬಿಡಿ.

ಹ್ಯೂಮಿಕ್ ವಿಷಯ ಸಣ್ಣ ಲೆಕ್ಕದಲ್ಲಿ ಮುಗಿಯುತ್ತದೆ. 1 ಎಕರೆಯ ಮೇಲಿನ 6 ಇಂಚು ಮಣ್ಣು ಸುಮಾರು 8 ಲಕ್ಷ ಕೆ.ಜಿ. ತೂಗುತ್ತದೆ. 12 ಶೇಕಡಾದ ಒಂದು ಲೀಟರ್ ದ್ರಾವಣದಲ್ಲಿರುವ ಹ್ಯೂಮಿಕ್ ಆಮ್ಲ ಸುಮಾರು 120 ಗ್ರಾಂ. ಅಷ್ಟರಿಂದ 8 ಲಕ್ಷ ಕೆ.ಜಿ. ಮಣ್ಣು ಬುರುಬುರು ಆಗುವುದಿಲ್ಲ. ಜೀವಾಮೃತದಲ್ಲಿ 10 ಕೆ.ಜಿ. ಸಗಣಿ, 10 ಲೀಟರ್ ಗಂಜಲ, 2 ಕೆ.ಜಿ. ಬೇಳೆ ಹಿಟ್ಟು ಸೇರಿ ಸಾರಜನಕ ಕಾಲು ಕೆ.ಜಿ. ದಾಟದು. ಹಾನಿಯೇನಿಲ್ಲ, ಮನೆಯಲ್ಲಿ ದನ ಇದ್ದರೆ ಮಾಡಿ; ಆದರೆ ಅದನ್ನೇ ನಂಬಿ ಒಮ್ಮೆಗೇ ಎಲ್ಲ ಗೊಬ್ಬರ ನಿಲ್ಲಿಸಿದರೆ ಎರಡನೇ ವರ್ಷ ಇಳುವರಿ ಇನ್ನೂ ಕುಸಿಯಬಹುದು. ಮಣ್ಣಿಗೆ ಮೈ ಬರಬೇಕೆಂದರೆ ಟನ್ ಲೆಕ್ಕದ ಸಾವಯವ ಬೇಕು. ಎಕರೆಗೆ 2ರಿಂದ 3 ಟನ್ ತಿಪ್ಪೆಗೊಬ್ಬರ ಸಿಕ್ಕರೆ ಒಳ್ಳೆಯದು, 6 ಎಕರೆಗೂ ಒಂದೇ ವರ್ಷ ಸಿಗುವುದು ಕಷ್ಟ. ತೊಗರಿ ಬಿಟ್ಟ 2 ಎಕರೆಗೆ ಅಷ್ಟನ್ನೂ ಹಾಕಿ. ಅಲ್ಲೇ ಜೂನ್‌ನಲ್ಲಿ ಎಕರೆಗೆ 12–15 ಕೆ.ಜಿ. ಸೆಣಬು ಚೆಲ್ಲಿ, 45 ದಿನಕ್ಕೆ ಹೂ ಕಾಣುತ್ತಲೇ ಮಣ್ಣಿಗೆ ಸೇರಿಸಿ. ತಡವಾದರೆ ಕಾಂಡ ನಾರಾಗುತ್ತದೆ, ಕೊಳೆಯುವುದಿಲ್ಲ, ಹಿಂಗಾರಿ ಜೋಳಕ್ಕೆ ಬೇಕಾದ ಹಸಿಯನ್ನೂ ಅದೇ ಕುಡಿದಿರುತ್ತದೆ. ಜುಲೈ ಮಳೆ ಕೈಕೊಟ್ಟರೆ 35 ದಿನಕ್ಕೇ ಮುರಿದು ಹಾಕಿ. ಬದುವಿನ ಮೇಲೆ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ, ಎರಡೆರಡು ಅಡಿಗೆ ನೆಟ್ಟರೆ ಮೂರನೇ ವರ್ಷದಿಂದ ಸೊಪ್ಪು ಉಚಿತ. ಬೇಳೆ ಬೆಳೆಗೆ ಹೂವಿನ ಹೊತ್ತಿಗೆ ಸಿಂಪಡಿಸುವ ಪಲ್ಸ್ ಮ್ಯಾಜಿಕ್ ಒಳ್ಳೆಯದೇ, ಹೂ ಉದುರುವುದು ತಗ್ಗುತ್ತದೆ. ಬೇರು ಕೊಳೆತ ಗಿಡಕ್ಕೆ ಮಾತ್ರ ಅದರಿಂದ ಏನೂ ಆಗದು.

ಈ ಎಲ್ಲದರ ಫಲ ಎಲ್ಲಿಂದ ಗೊತ್ತಾಗುತ್ತದೆ? ಬಿತ್ತಿ 40–45 ದಿನಕ್ಕೆ, ಮಡಿ ಮಾಡಿದ ಕಡೆ ಐದು, ಮಾಡದ ಕಡೆ ಐದು ಗಿಡವನ್ನು ಸಲಿಕೆಯಿಂದ ಮಣ್ಣಿನ ಹೆಂಟೆ ಸಮೇತ ಎತ್ತಿ. ಕೀಳಬೇಡಿ, ಕಿತ್ತರೆ ಗಂಟು ಮಣ್ಣಲ್ಲೇ ಉಳಿಯುತ್ತವೆ. ಬಕೆಟ್ ನೀರಿನಲ್ಲಿ ಅದ್ದಿ ಮಣ್ಣು ಬಿಡಿಸಿ, ಬೇರಿನ ಗಂಟನ್ನು ಉಗುರಿನಿಂದ ಒಡೆಯಿರಿ. ಒಳಗೆ ಗುಲಾಬಿ–ಕೆಂಪು ಇದ್ದರೆ ಅದು ಸಾರಜನಕ ಮಾಡುತ್ತಿದೆ. ಬೂದು, ಹಸಿರು ಅಥವಾ ಪೊಳ್ಳಾಗಿದ್ದರೆ ಕೆಲಸ ನಿಂತಿದೆ, ಎಲೆ ಎಷ್ಟೇ ಹಸಿರಾಗಿ ಕಂಡರೂ ಸರಿ.

ಕೊನೆಗೆ ನಿಮ್ಮ ಅಣ್ಣನವರ ಮಡ್ಡಿ, ಅಂದರೆ ಗರಸು ಮಣ್ಣಿನ ಹೊಲ. ಅಲ್ಲಿ ಲೆಕ್ಕವೇ ಉಲ್ಟಾ. ಮಡ್ಡಿಯಲ್ಲಿ ನೀರು ನಿಲ್ಲುವುದಿಲ್ಲ, ನಿಲ್ಲಿಸಬೇಕು; ಅಲ್ಲಿಗೆ ಸಮಪಾತಳಿ ಬದು ಸರಿ, ಬಿಬಿಎಫ್ ಬೇಡ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ನೆಲಕ್ಕೂ, ಯಾದಗಿರಿಯ ಮಸಾರಿ, ಅಂದರೆ ಕೆಂಪು ಮಣ್ಣಿಗೂ ಇದೇ ಮಾತು. ನಿಮಗೆ ಹೇಳಿದ ಕೆರೆ ಹೂಳು ನಿಜವಾಗಿ ಸೇರಬೇಕಾದದ್ದು ಆ ಹೊಲಕ್ಕೆ. ಜಿಗುಟು ಮಣ್ಣಿಗೆ ಇನ್ನಷ್ಟು ಜಿಗುಟು ಸೇರಿಸಿ ನಿಮಗೇನೂ ಸಿಗದು. ಗರಸು ಮಣ್ಣಿಗೆ ಸೇರಿಸಿದರೆ ನೀರು ಹಿಡಿಯುವ ಶಕ್ತಿ ಬರುತ್ತದೆ. 1 ಎಕರೆಗೆ ಒಂದು ಸೆಂ.ಮೀ. ದಪ್ಪ ಹೂಳು ಹರಡಲು 40 ಘನ ಮೀಟರ್ ಬೇಕು, ಟ್ರಾಲಿಗೆ 3 ಘನ ಮೀಟರ್ ಹಿಡಿದರೆ 13–14 ಟ್ರಾಲಿ. 20 ಟ್ರಾಲಿಗೆ ಒಂದೂವರೆ ಸೆಂ.ಮೀ. ಆಗುತ್ತದೆ, ಮೊದಲ ಸಲಕ್ಕೆ ಸಾಕು. ಹೊಡೆಸುವ ಮೊದಲು ಆ ಹೂಳಿನದೂ ಅರ್ಧ ಕೆ.ಜಿ. ಪರೀಕ್ಷೆಗೆ ಕೊಡಿ. ಊರಿನ ಚರಂಡಿ ಸೇರುವ ಕೆರೆಯಾದರೆ ಉಪ್ಪು ಹೆಚ್ಚಿರುತ್ತದೆ. ಏಪ್ರಿಲ್‌ನಲ್ಲಿ ತಂದು ರಾಶಿ ಹಾಕಿ ಬಿಸಿಲಿಗೆ ಬಿಡಿ, ಹೆಂಟೆ ಪುಡಿಯಾದ ಮೇಲೆ ಹರಡಿ ಕುಂಟೆ ಹೊಡೆಯಿರಿ. ಹಸಿ ಹೂಳನ್ನು ಹಾಗೇ ಹರಡಿದರೆ ಗರಸಿನ ಮೇಲೆ ಹಪ್ಪಳದಂತೆ ಒಣಗಿ ಕೂರುತ್ತದೆ, ಮೊದಲ ಮಳೆಗೆ ಬದು ಹಾರಿ ಮತ್ತೆ ಹಳ್ಳ ಸೇರುತ್ತದೆ.